ಇಳಿಯದ ತುತ್ತು

ಕಳೆದ ತಿಂಗಳು ಮೋಟಾರಿನ ಬೇರಿಂಗು ತರಲೆಂದು ಕುಮಟೆಗೆ ಹೋಗಿದ್ದೆ. ಅಂಗಡಿಯವನು ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕಿಕೊಂಡು ಹೋಗಿದ್ದ. ಅವನು ಬರುವಷ್ಟರಲ್ಲಿ ನಾನೂ ಉಂಡುಬಿಡೋಣವೆಂದು ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ಖಾನಾವಳಿಗೆ ನುಗ್ಗಿದೆ. ಅನ್ನ ಬಂತು, ಬಂಗಡೆ ಸಾರು ಬಂತು. ಕಲಸಿ ಮೊದಲ ತುತ್ತು ಎತ್ತುವ ಹೊತ್ತಿಗೆ ಒಳಗಿನ ಅಡುಗೆಮನೆಯಲ್ಲಿ ಯಾರೋ ಕುಚ್ಚಲಕ್ಕಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿದರು. ಬಿಸಿ ಗಂಜಿ ಒದ್ದೆ ಬಟ್ಟೆಯ ಮೇಲೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಹಸಿದವರಿಗೆ ಅದು ಹಿತವಾದ ವಾಸನೆಯೇ. ನನಗೆ ಮಾತ್ರ ಎತ್ತಿದ ತುತ್ತು ಬಾಯಿಗೆ ಹೋಗಲಿಲ್ಲ. ದುಡ್ಡು ಕೊಟ್ಟು ಎದ್ದೆ. ಬಡಿಸುವ ಹೆಂಗಸು ಸಾರು ಸರಿಯಿಲ್ಲವೇ ಎಂದು ಕೇಳಿದಳು. ಸಾರು ಸರಿಯಾಗಿಯೇ ಇದೆ, ನನಗೇ ಆಗುತ್ತಿಲ್ಲ ಎಂದು ಹೇಳಿ ಹೊರಗೆ ಬಂದೆ.

ಆ ವಾಸನೆಯಲ್ಲಿ ನಾನು ಇಡೀ ಒಂದು ಮಳೆಗಾಲ ಕಳೆದಿದ್ದೇನೆ. ನನ್ನ ಹೆಂಡತಿ ಕಾರ್ಮಿನ್ ತೀರಿಕೊಂಡ ವರ್ಷದ ಮಳೆಗಾಲ.

ನಮ್ಮ ಮನೆ ಕಾಸರಕೋಡದಲ್ಲಿ, ಬಂದರಿಗೆ ಹೋಗುವ ದಾರಿಯಲ್ಲಿ. ಮೀನು ಒಣಗಿಸುವ ಚಪ್ಪರಗಳು ಮುಗಿದ ಮೇಲೆ ಸಿಗುವ ನಾಲ್ಕಾರು ಹಂಚಿನ ಮನೆಗಳಲ್ಲಿ ಒಂದು. ನಾನು ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವವನು. ಕಾರ್ಮಿನ್ ಹೊಳೆಯಾಚೆ ಹೊನ್ನಾವರದಲ್ಲಿ ಹುಡುಗಿಯರ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ಆ ಕೊರತೆಯನ್ನು ಅವಳು ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ತುಂಬಿಕೊಂಡಿದ್ದಳು ಎಂದು ಕಾಣುತ್ತದೆ. ಮನೆಗೆ ಬಂದವಳು ಮೊದಲು ಹೇಳುತ್ತಿದ್ದದ್ದೇ ಯಾರು ಸರಿಯಾಗಿ ಉಂಡರು, ಯಾರು ತಟ್ಟೆಯಲ್ಲಿ ಬಿಟ್ಟರು ಎಂಬುದನ್ನು. ಬಿಟ್ಟವಳ ಹಿಂದೆ ಏನೋ ದುಃಖ ಇರಬೇಕೆಂದು ಅವಳ ಲೆಕ್ಕ. ಮರುದಿನ ಆ ಹುಡುಗಿಯನ್ನು ಅಡುಗೆಮನೆಗೆ ಕರೆದು, ತೆಂಗಿನಕಾಯಿ ತುರಿಯುವ ನೆಪದಲ್ಲಿ ಕೂರಿಸಿಕೊಂಡು, ಸಂಗತಿ ತಿಳಿದುಕೊಳ್ಳುತ್ತಿದ್ದಳು.

ಅವಳು ಹುಟ್ಟಿ ಬೆಳೆದದ್ದು ಮಿರ್ಜಾನದಲ್ಲಿ. ಸುತ್ತ ಕ್ರೈಸ್ತರ ಮನೆ ಬೇರೆ ಇರಲಿಲ್ಲ. ಹಾಗಾಗಿ ನಾವು ಕೊಂಕಣಿಯವರಾದರೂ ಅವಳ ಬಾಯಿಗೆ ಮೊದಲು ಬರುತ್ತಿದ್ದದ್ದು ಕನ್ನಡವೇ. ನನ್ನ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಿದ್ದಳು, ಬೈಯುವಾಗಂತೂ ಕನ್ನಡವೇ.

ಹೊನ್ನಾವರದ ಇಗರ್ಜಿಯ ಬೆಳಗಿನ ಪೂಜೆಯನ್ನು ಅವಳು ತಪ್ಪಿಸಿದವಳಲ್ಲ. ಪೂಜೆಯ ಕೊನೆಗೆ ಕೊಡುವ ಪರಮಪ್ರಸಾದ, ಆ ತೆಳುವಾದ ಬಿಳಿ ಓಸ್ತಿ, ಗೋದಿ ಹಿಟ್ಟಿನದೇ. ಆದರೆ ನಾವು ಅದನ್ನು ಕ್ರಿಸ್ತನ ಶರೀರವೆಂದೇ ಸ್ವೀಕರಿಸುತ್ತೇವೆ. ಅದನ್ನು ತೆಗೆದುಕೊಂಡ ಮೇಲೆಯೇ ಅವಳು ಹಾಸ್ಟೆಲಿನ ಒಲೆ ಹಚ್ಚುತ್ತಿದ್ದದ್ದು. ತಾನು ಉಣ್ಣದೆ ಬೇರೆಯವರಿಗೆ ಬಡಿಸುವುದು ಹೇಗೆ ಎಂದು ನನ್ನನ್ನೇ ಕೇಳುತ್ತಿದ್ದಳು. ನನ್ನ ಭಕ್ತಿ ಅಂಥದ್ದಲ್ಲ. ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಬೈಬಲಿನ ವಾಚನ ಓದುತ್ತಿದ್ದೆ. ಧ್ವನಿ ಚೆನ್ನಾಗಿದೆ ಎಂದು ಜನ ಹೇಳುತ್ತಿದ್ದರು. ದೇವರು ಇದ್ದಾನೆ, ನಾಳೆಯೂ ಇರುತ್ತಾನೆ ಎಂದು ಬಿಟ್ಟುಬಿಟ್ಟಿದ್ದೆ. ಅವನನ್ನು ನೆಚ್ಚಿಕೊಳ್ಳಬೇಕಾದ ಗಳಿಗೆ ನನಗೆ ಬಂದೇ ಇರಲಿಲ್ಲ.

ಆ ವರ್ಷ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಉಪವಾಸದ ದಿನಗಳಲ್ಲಿ ಅವಳ ಊಟ ಕಡಿಮೆಯಾಯಿತು. ಪ್ರತಿವರ್ಷವೂ ಅವಳು ಆ ದಿನಗಳಲ್ಲಿ ಒಪ್ಪೊತ್ತು ಉಣ್ಣುವವಳು, ಹಾಗಾಗಿ ನಾನು ಗಮನಿಸಲಿಲ್ಲ. ಅವಳೂ ಗಮನಿಸಲಿಲ್ಲ. ಅನ್ನ ಎದೆಯಲ್ಲಿ ನಿಂತಂತಾಗುತ್ತದೆ ಎಂದು ಒಂದೆರಡು ಸಲ ಹೇಳಿ, ಬಿಸಿನೀರು ಕುಡಿದು ಸುಮ್ಮನಾಗಿದ್ದಳು. ಹಬ್ಬದ ದಿನ ಮಧ್ಯಾಹ್ನ ಅವಳೇ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಸಾನ್ನಾ, ಕೋಳಿ ಸಾರು. ಮೆತ್ತಗೆ ಉಬ್ಬಿದ ಆ ಸಾನ್ನಾದ ಚೂರು ಗಂಟಲಲ್ಲಿ ನಿಂತಿತು. ಹಿತ್ತಲಿಗೆ ಓಡಿ ಬಹಳ ಹೊತ್ತು ಬಗ್ಗಿ ನಿಂತಿದ್ದಳು. ತಿರುಗಿ ಬಂದಾಗ ಕಣ್ಣಲ್ಲಿ ನೀರು. ಉಪವಾಸ ಮುಗಿದರೂ ಹೊಟ್ಟೆಗೆ ಗೊತ್ತಾಗಿಲ್ಲ ನೋಡಿ ಎಂದು ನಕ್ಕಳು.

ಹೊನ್ನಾವರದ ಡಾಕ್ಟರು ನೋಡಿ, ತಡ ಮಾಡದೆ ಮಂಗಳೂರಿಗೆ ಹೋಗಿ ಎಂದರು. ರೈಲಿನಲ್ಲಿ ಹೋದೆವು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಅನ್ನನಾಳದಲ್ಲಿ ಗಡ್ಡೆ, ಕ್ಯಾನ್ಸರು, ಆಗಲೇ ಬೇರೆ ಕಡೆಗೂ ಹರಡಿದೆ ಎಂದು ಹೇಳಿದರು. ಗಡ್ಡೆ ಸುಡಲೆಂದು ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಅವಳು ಇನ್ನಷ್ಟು ಸೋತಳು. ಕೊನೆಗೆ ಹೊಟ್ಟೆಯ ಎಡಭಾಗದಲ್ಲಿ ಸಣ್ಣ ತೂತು ಮಾಡಿ ಒಂದು ನಳಿಗೆ ಕೂರಿಸಿ, ಇನ್ನು ಊಟವೆಲ್ಲ ಇದರಲ್ಲೇ ಎಂದು ಕಳಿಸಿದರು. ಗುಟುಕು ನೀರು ಮಾತ್ರ ಬಾಯಿಂದ ಕುಡಿಯಬಹುದು, ಅದೂ ಬಹಳ ಜಾಗ್ರತೆಯಿಂದ. ಎಷ್ಟು ಕಾಲ ಎಂದು ನಾನು ಕೇಳಿದೆ. ಈ ಮಳೆಗಾಲ ಕಳೆದರೆ ನೋಡೋಣ ಎಂದರು.

ನಾವು ಮನೆಗೆ ಬಂದ ವಾರವೇ ಮಳೆ ಹಿಡಿಯಿತು. ಬೋಟುಗಳೆಲ್ಲ ದಡಕ್ಕೆ ಬಂದವು. ಮಳೆಗಾಲದ ಆ ಎರಡು ತಿಂಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನಿಲ್ಲದಿದ್ದರೆ ಐಸಿನ ಕೆಲಸವೂ ಇಲ್ಲ. ಪ್ರತಿವರ್ಷ ಆಗ ಯಂತ್ರ ಬಿಚ್ಚಿ, ಎಣ್ಣೆ ಹಾಕಿ ಕೂಡಿಸುವುದು ನನ್ನ ಕೆಲಸ. ಆ ವರ್ಷ ಅದನ್ನೂ ಬೇರೆಯವರಿಗೆ ಬಿಟ್ಟು ಮನೆಯಲ್ಲಿ ಕೂತೆ.

ಬೆಳಗ್ಗೆ ಎದ್ದು ಕುಚ್ಚಲಕ್ಕಿ ಬೇಯಿಸುವುದು, ಕಡೆಯುವುದು, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸುವುದು. ಒಂದು ಸಣ್ಣ ಕಣ ಉಳಿದರೂ ನಳಿಗೆ ಕಟ್ಟಿಕೊಳ್ಳುತ್ತದೆ, ಹಾಗಾಗಿ ಮತ್ತೆ ಸೋಸುವುದು. ಅವಳನ್ನು ಎತ್ತಿ ದಿಂಬಿಗೆ ಒರಗಿಸಿ ಕೂರಿಸಿ, ದೊಡ್ಡ ಸಿರಿಂಜಿನಲ್ಲಿ ಆ ತಿಳಿಯನ್ನು ನಿಧಾನವಾಗಿ ಇಳಿಸುವುದು. ಆಮೇಲೆ ನೀರು ಬಿಟ್ಟು ನಳಿಗೆ ತೊಳೆಯುವುದು. ಎರಡು ಗಂಟೆ ಕಳೆದರೆ ಮತ್ತೆ ರಾಗಿ ಗಂಜಿ, ಮತ್ತೆ ಮಜ್ಜಿಗೆ, ಮತ್ತೆ ಡಬ್ಬಿಯ ಪುಡಿ ಕಲಸಿದ ಹಾಲು. ಮಳೆಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಸೋಸುವ ಬಟ್ಟೆಗಳನ್ನು ಒಲೆಯ ಮೇಲಿನ ಬಿದಿರಿನ ದಂಡಿಗೆಗೆ ಹಾಕುತ್ತಿದ್ದೆ. ಮನೆಯೆಲ್ಲ ಅದೇ ವಾಸನೆ.

ಮೊದಮೊದಲು ಅವಳು ಮೆಲ್ಲಗೆ ತಮಾಷೆ ಮಾಡುತ್ತಿದ್ದಳು. ನಾನು ಯಂತ್ರಕ್ಕೆ ಎಣ್ಣೆ ಬಿಡುವ ಹಾಗೆಯೇ ತನಗೂ ಬಿಡುತ್ತಿದ್ದೇನೆ ಎನ್ನುತ್ತಿದ್ದಳು. ಒಂದು ದಿನ ಸಿರಿಂಜು ಖಾಲಿಯಾಗುವುದನ್ನೇ ನೋಡುತ್ತ ಹೇಳಿದಳು:

"ಹೊಟ್ಟೆ ತುಂಬ್ತದೆ. ಊಟ ಮಾತ್ರ ಆಗೂದಿಲ್ಲ."

ಅವಳಿಗೆ ನಾಲಿಗೆಯ ಮೇಲೆ ಸಿಗುತ್ತಿದ್ದ ಊಟ ಒಂದೇ ಉಳಿದಿತ್ತು. ಹೊಸದಾಗಿ ಬಂದಿದ್ದ ಫಾದರ್ ಹೊಳೆ ದಾಟಿ ಸ್ಕೂಟರಿನಲ್ಲಿ ಬರುತ್ತಿದ್ದರು. ಗುರುದೀಕ್ಷೆಯಾದ ಮೇಲೆ ಅವರ ಮೊದಲನೆಯ ಊರು ಇದು. ವಯಸ್ಸು ಚಿಕ್ಕದು, ಗಡ್ಡ ಕೂಡ ಸರಿಯಾಗಿ ಬಂದಿರಲಿಲ್ಲ. ರೇನ್‌ಕೋಟಿನ ಒಳಗೆ, ಎದೆಗೆ ಒತ್ತಿಕೊಂಡು, ಪ್ರಸಾದದ ಪುಟ್ಟ ಕರಡಿಗೆ ತರುತ್ತಿದ್ದರು. ಓಸ್ತಿಯಿಂದ ಉಗುರಿನ ತುದಿಯಷ್ಟು ಚೂರು ಮುರಿದು, ಚಮಚದ ನೀರಿನಲ್ಲಿ ಬಿಟ್ಟು, ಅದು ಪೂರ್ತಿ ಕರಗಿದ ಮೇಲೆ ಅವಳ ತುಟಿಗೆ ಹಿಡಿಯುತ್ತಿದ್ದರು. ಅವಳು ಕಣ್ಣು ಮುಚ್ಚಿ, ಕುತ್ತಿಗೆ ಚಾಚಿ, ಬಹಳ ಹೊತ್ತು ತೆಗೆದುಕೊಂಡು ಅದನ್ನು ನುಂಗುತ್ತಿದ್ದಳು. ಇಳಿಯಿತು ಎಂದು ಗೊತ್ತಾದಾಗ ಮುಖ ಸಡಿಲವಾಗುತ್ತಿತ್ತು. ಆ ಹೊತ್ತು ನಾನು ಗೋಡೆಗೆ ಒರಗಿ ನಿಂತು ನೋಡುತ್ತಿದ್ದೆ. ದೇವರು ಅವಳನ್ನು ಕೈಬಿಟ್ಟಿಲ್ಲ ಎಂದು ಅನಿಸುತ್ತಿದ್ದದ್ದು ಆಗ ಮಾತ್ರ. ಗಡ್ಡೆ ಕರಗದಿದ್ದರೂ ಚಿಂತೆಯಿಲ್ಲ, ಇದೊಂದು ಇಳಿಯುತ್ತಿರಲಿ ಎಂದು ಬೇಡಿಕೊಂಡೆ. ನಾನು ನಿಜವಾಗಿ ಬೇಡಿಕೊಂಡದ್ದು ಅದೊಂದೇ. ಸಣ್ಣ ಬೇಡಿಕೆ ಎಂದುಕೊಂಡಿದ್ದೆ.

ಫ್ಲೋರಿನ್ ಬಂದದ್ದು ಮಳೆ ಜೋರಾಗಿದ್ದ ದಿನಗಳಲ್ಲಿ. ಅವಳು ಕಾರ್ಮಿನಳ ದೊಡ್ಡಮ್ಮನ ಮಗಳು, ಭಟ್ಕಳದಲ್ಲಿ ಹೊಲಿಗೆ ಕೆಲಸ ಮಾಡಿಕೊಂಡಿರುವವಳು. ತುಂಬ ಒಳ್ಳೆಯ ಜೀವ. ಅಲ್ಲಿ ಒಂದು ಪ್ರಾರ್ಥನೆಯ ಕೂಟಕ್ಕೆ ಹೋಗುತ್ತಿದ್ದಳು. ತಂಗಿಗಾಗಿ ಉಪವಾಸವಿದ್ದು, ಆ ಉಪವಾಸದಲ್ಲೇ ಬಸ್ಸು ಹತ್ತಿ ಬಂದಿದ್ದಳು. ಚೀಲದಲ್ಲಿ ಒಂದು ಮೆತ್ತಗಿನ ಬನ್ನು. ಕಾರ್ಮಿನಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಕರ್ತನು ಹಸಿದವರನ್ನು ಬರಿಗೈಯಲ್ಲಿ ಕಳಿಸಿದ್ದೇ ಇಲ್ಲ, ನಂಬಿ ನುಂಗಿದರೆ ಖಂಡಿತ ಇಳಿಯುತ್ತದೆ ಎಂದಳು. ನಾನು ಬೇಡವೆಂದೆ. ಕಾರ್ಮಿನ್ ನನ್ನನ್ನು ತಡೆದಳು. ಅವಳ ಕಣ್ಣಲ್ಲಿ ಆಗ ಇದ್ದದ್ದು ಆಸೆಯೇ, ನಂಬಿಕೆಯೇ, ಹಸಿವೆಯೇ, ಹೇಳಲಾರೆ. ಮೂರೂ ಬೇರೆ ಬೇರೆ ಅಲ್ಲವೇನೋ.

ಫ್ಲೋರಿನ್ ಬನ್ನಿನ ಒಳಗಿನ ಬಿಳಿಭಾಗದಿಂದ ಒಂದು ಚೂರು ಕಿತ್ತುಕೊಟ್ಟಳು. ಕಾರ್ಮಿನ್ ಬಹಳ ಹೊತ್ತು ಜಗಿದಳು. ಎಷ್ಟೋ ದಿನಗಳ ಮೇಲೆ ಬಾಯಲ್ಲಿ ಒಂದು ರುಚಿ. ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡು ನುಂಗಿದಳು.

ಇಳಿಯಲಿಲ್ಲ. ಕೆಮ್ಮು ಬಂತು, ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ನಾನು ಬೆನ್ನು ತಟ್ಟಿದೆ, ಫ್ಲೋರಿನ್ ಕೂಗಿಕೊಂಡಳು. ಪಕ್ಕದ ಮನೆಯ ಮಾದೇವಿ ಓಡಿ ಬಂದು ಕಾರ್ಮಿನಳನ್ನು ಮುಂದಕ್ಕೆ ಬಗ್ಗಿಸಿ ಹಿಡಿದಳು. ಮಾದೇವಿ ಮೀನು ಒಣಗಿಸಿ ಮಾರುವವಳು, ಗಟ್ಟಿ ಕೈ. ಚೂರು ಹೊರಗೆ ಬಂತು. ಆದರೆ ಒಂದಷ್ಟು ಶ್ವಾಸಕ್ಕೆ ಹೋಗಿತ್ತು. ಸಂಜೆಗೆ ಜ್ವರ ಏರಿತು. ಹೊನ್ನಾವರದ ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡರು. ಬಿಡುಗಡೆ ಮಾಡುವಾಗ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದರು, ಇನ್ನು ಬಾಯಿಂದ ಏನೂ ಕೂಡದು, ನೀರೂ ಕೂಡದು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ.

ಫ್ಲೋರಿನ್ ಆಮೇಲೂ ಬಂದಳು. ಬಂದು ಮಂಚದ ಕಾಲ ಬಳಿ ನೆಲದ ಮೇಲೆ ಕೂತು ಅತ್ತಳು. ಕಾರ್ಮಿನ್ ಅವಳ ಕೈ ಹಿಡಿದುಕೊಂಡಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಫ್ಲೋರಿನ್ ಹಸಿದ ಹೊಟ್ಟೆಯಲ್ಲಿ ಬಂದಿದ್ದಳು ಎನ್ನುವುದು ನೆನಪಾಗಿ ಸಿಟ್ಟೂ ಬರಲಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನು ನಾನೇ ಫಾದರಿಗೆ ತಿಳಿಸಬೇಕಾಯಿತು. ಚಮಚದ ನೀರೂ ಆಗದು ಎಂದೆ. ಅವರು ಆ ದಿನವೂ ಕರಡಿಗೆ ತಂದಿದ್ದರು. ಅದನ್ನು ಜೇಬಿನಿಂದ ತೆಗೆಯಲೇ ಇಲ್ಲ. ಕಾರ್ಮಿನಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಪ್ರಸಾದ ತೆಗೆದುಕೊಳ್ಳಲು ಆಗದವರು ಮನಸ್ಸಿನಲ್ಲಿ ಹಂಬಲಿಸಿದರೂ ಸಾಕು, ಆ ಹಂಬಲವೇ ಸ್ವೀಕಾರ, ದೇವರು ನೇರವಾಗಿ ಆತ್ಮಕ್ಕೆ ಉಣಿಸುತ್ತಾನೆ ಎಂದು ವಿವರಿಸಿದರು. ಚೆನ್ನಾಗಿಯೇ ಹೇಳಿದರು. ಅದು ನಮ್ಮ ಸಭೆಯ ಬೋಧನೆಯೂ ಹೌದು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಸಿದವರಿಗೆ ಹಸಿವೇ ಊಟ ಅಂತ ಹೇಳ್ತ್ರಿ, ಅಲ್ವಾ ಫಾದರ್?" ಎಂದಳು.

ಧ್ವನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು. ಫಾದರ್ ಅವರ ಮುಖ ಕೆಂಪಾಯಿತು. ಪ್ರಾರ್ಥನೆ ಹೇಳಿ ಎದ್ದರು. ಬಾಗಿಲಲ್ಲಿ ರೇನ್‌ಕೋಟು ಹಾಕಿಕೊಳ್ಳುವಾಗ ಅವರ ಕೈ ತೋಳಿಗೆ ಸರಿಯಾಗಿ ಹೋಗುತ್ತಿರಲಿಲ್ಲ. ನಾನು ಹಿಡಿದು ಹಾಕಿಸಿದೆ.

ಅಂದಿನಿಂದ ಕಾರ್ಮಿನ್ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಜಪಸರ ದಿಂಬಿನ ಕೆಳಗೆ ಇತ್ತು, ಅವಳು ತೆಗೆಯಲಿಲ್ಲ. ಸಂಜೆಯ ಪ್ರಾರ್ಥನೆಯನ್ನು ನಾನೊಬ್ಬನೇ ಶುರು ಮಾಡಿದರೆ ಅವಳು ಉತ್ತರ ಕೊಡುತ್ತಿರಲಿಲ್ಲ. ಅರ್ಧ ನಾನು, ಅರ್ಧ ಅವಳು ಹೇಳುವ ಪ್ರಾರ್ಥನೆ ಅದು. ನನ್ನ ಅರ್ಧ ಹೇಳಿ ನಿಲ್ಲುತ್ತಿದ್ದೆ. ಹಂಚಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು. ಅವಳ ಅರ್ಧವನ್ನೂ ನಾನೇ ಹೇಳಿ ಮುಗಿಸಲು ಕೆಲವು ದಿನ ನೋಡಿದೆ. ಆಮೇಲೆ ಬಿಟ್ಟೆ. ತನಗೆ ನಂಬಿಕೆ ಕಡಿಮೆಯಾಗಿಯೇ ಆ ಚೂರು ಇಳಿಯಲಿಲ್ಲವೇ ಎಂದು ಅವಳು ಒಂದು ಸಲ ಕೇಳಿದಳು. ಅಲ್ಲ, ಗಡ್ಡೆ ಇದೆ, ಅದಕ್ಕೇ ಇಳಿಯಲಿಲ್ಲ ಎಂದೆ. ಅದು ಸತ್ಯವೇ. ಆದರೆ ಆ ಸತ್ಯದಿಂದ ಅವಳಿಗೆ ಏನೂ ಸಿಗಲಿಲ್ಲ.

ನಾನೂ ಇಗರ್ಜಿಗೆ ಹೋಗುವುದನ್ನು ನಿಲ್ಲಿಸಿದೆ. ಅವಳನ್ನು ಬಿಟ್ಟು ಬರಲಾಗದು ಎಂದು ಜನರಿಗೆ ಹೇಳಿದೆ. ಕಾರಣ ಅದಲ್ಲ. ಅಷ್ಟು ಸಣ್ಣ ಬೇಡಿಕೆಯನ್ನು ಕೊಡದವನ ಮುಂದೆ ನಿಂತು ದೊಡ್ಡ ಧ್ವನಿಯಲ್ಲಿ ಏನನ್ನು ಓದಲಿ? ಒಳಗೆ ಏನೋ ಒಣಗಿಹೋಗಿತ್ತು. ಹೊರಗೆ ಮಾತ್ರ ಬಾವಿ ಕಟ್ಟೆಯವರೆಗೆ ನೀರು.

ನನ್ನ ಊಟ ಹಿತ್ತಲಲ್ಲಿ ನಡೆಯುತ್ತಿತ್ತು. ಅವಳ ಎದುರು ಉಣ್ಣುವುದು ಹೇಗೆ? ಮಾದೇವಿ ಒಂದು ತಪ್ಪಲೆಯಲ್ಲಿ ಏನಾದರೂ ತಂದಿಡುತ್ತಿದ್ದಳು. ಅದನ್ನು ಒಯ್ದು ಬಚ್ಚಲ ಪಕ್ಕದ ಮಾಡಿನ ಕೆಳಗೆ ನಿಂತುಕೊಂಡೇ ಬೇಗಬೇಗ ತಿಂದು, ಬಾಯಿ ತೊಳೆದು, ಒಳಗೆ ಬರುತ್ತಿದ್ದೆ. ರುಚಿ ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾದೇವಿ ಅಘನಾಶಿನಿಯ ಬಳಚು ಸಿಕ್ಕಿತೆಂದು ತೆಂಗಿನಕಾಯಿ ಹಾಕಿ ಸುಕ್ಕ ಮಾಡಿ ತಂದಿದ್ದಳು. ಆ ಚಿಪ್ಪುಮೀನು ಕಾರ್ಮಿನಳ ತವರಿನ ಕಡೆಯದು, ಅವಳಿಗೆ ಪ್ರಾಣ. ವಾಸನೆ ಒಳಗೆ ಹೋಗದಿರಲಿ ಎಂದು ಹಿಂಬಾಗಿಲು ಎಳೆದುಕೊಂಡು ಮಾಡಿನ ಕೆಳಗೆ ನಿಂತೆ. ಒಳಗಿನಿಂದ ಅವಳು ಕರೆದಳು. ಬಹಳ ದಿನಗಳ ಮೇಲೆ ಅವಳಾಗಿಯೇ ನನ್ನನ್ನು ಕರೆದದ್ದು.

"ಎಂತಕ್ಕೆ ಕಳ್ಳನ ಹಾಂಗೆ ಹಿಂದೆ ನಿಂತ್ಕಂಡು ತಿಂತ್ರಿ? ತಟ್ಟೆ ಇಲ್ಲಿಗೆ ತನ್ನಿ."

ತಂದೆ. ಮಂಚದ ಪಕ್ಕ ಕೂತೆ. ತಿನ್ನಿ ಎಂದಳು. ಒಂದು ತುತ್ತು ತಿಂದೆ. ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ಅದು ಉತ್ತರವೇ ಅಲ್ಲ ಎಂಬಂತೆ ನೋಡಿದಳು. ಉಪ್ಪು ಎಷ್ಟಿದೆ, ಹುಳಿ ಏನು ಹಾಕಿದ್ದಾಳೆ, ಕಾಯಿ ಸಣ್ಣಗೆ ತುರಿದದ್ದೇ ಇಲ್ಲ ದಪ್ಪವೇ, ಬಳಚಿನಲ್ಲಿ ಮರಳು ಉಳಿದಿದೆಯೇ, ಒಂದೊಂದನ್ನೇ ಕೇಳಿದಳು. ನಾನು ಒಂದೊಂದು ತುತ್ತಿಗೂ ಬಾಯಿಯಲ್ಲಿ ಹುಡುಕಿ ಹುಡುಕಿ ಹೇಳಿದೆ. ಅಷ್ಟು ಗಮನವಿಟ್ಟು ನಾನು ಜೀವನದಲ್ಲಿ ಉಂಡಿರಲಿಲ್ಲ. ತಟ್ಟೆ ಖಾಲಿಯಾಗುವವರೆಗೂ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಹುಳಿ ಸ್ವಲ್ಪ ಹೆಚ್ಚಾಯಿತು, ಮಾದೇವಿಗೆ ಹೇಳಬೇಡಿ ಎಂದು ಕೊನೆಗೆ ತೀರ್ಪು ಕೊಟ್ಟಳು.

ಆಮೇಲೆ ಅಲ್ಲೇ, ನಾನು ಕೈ ತೊಳೆಯುವುದಕ್ಕೂ ಮುಂಚೆ, ಬರುವ ಭಾನುವಾರ ಇಗರ್ಜಿಗೆ ಹೋಗಿ ಎಂದಳು. ಪ್ರಸಾದ ತೆಗೆದುಕೊಂಡು, ಯಾರ ಹತ್ತಿರವೂ ಮಾತಾಡದೆ, ಸೀದಾ ಬಂದು ಇದೇ ಜಾಗದಲ್ಲಿ ಕೂರಬೇಕು. ನನ್ನಿಂದ ಆಗದು ಎಂದೆ. ನನಗೆ ಈಗ ಅದರಲ್ಲಿ ನಂಬಿಕೆ ಉಳಿದಿಲ್ಲ, ನಂಬಿಕೆ ಇಲ್ಲದೆ ಬಾಯಿ ತೆರೆಯುವುದು ತಪ್ಪಾಗುತ್ತದೆ ಎಂದೆ. ಅವಳಿಗೆ ಇದನ್ನು ಹೇಳಬಾರದೆಂದು ಅಷ್ಟು ದಿನ ತಡೆದುಕೊಂಡಿದ್ದೆ. ಹೇಳಿಯೇಬಿಟ್ಟೆ.

ಅವಳು ಬೆಚ್ಚಲಿಲ್ಲ.

"ನಂಬಿಕೆ ಈಗ ನಂಗೂ ಇಲ್ಲ. ನಿಮ್ಮ ಗಂಟಲು ಸರಿ ಅದೆಯಲ್ಲ, ಅಷ್ಟಾದ್ರೆ ಆತು."

ಭಾನುವಾರ ಮಾದೇವಿಯನ್ನು ಅವಳ ಹತ್ತಿರ ಕೂರಿಸಿ ಹೊರಟೆ. ಶರಾವತಿಯ ಸೇತುವೆಯ ಮೇಲೆ ಗಾಳಿಗೆ ಕೊಡೆ ನಿಲ್ಲಲಿಲ್ಲ. ಒದ್ದೆಯಾಗಿಯೇ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂತೆ. ಬೇರೆ ಯಾರೋ ವಾಚನ ಓದಿದರು, ಕಿವಿಗೆ ಬೀಳಲಿಲ್ಲ. ಸಾಲಿನಲ್ಲಿ ನಿಂತೆ. ಫಾದರ್ ನನ್ನನ್ನು ನೋಡಿ ಒಂದು ಕ್ಷಣ ತಡೆದರು. ತೆಗೆದುಕೊಂಡೆ, ನುಂಗಿದೆ, ಇಳಿಯಿತು. ಅಷ್ಟು ಸುಲಭವಾಗಿ ಇಳಿದದ್ದಕ್ಕೆ ನಾಚಿಕೆಯಾಯಿತು. ಏನಾದರೂ ಅನಿಸಬಹುದೆಂದು ಕಾದೆ. ಬಾಯಲ್ಲಿ ಸ್ವಲ್ಪ ಹೊತ್ತು ಹಿಟ್ಟಿನ ರುಚಿ ಇತ್ತು, ಆಮೇಲೆ ಅದೂ ಹೋಯಿತು.

ಯಾರ ಜತೆಗೂ ಮಾತಾಡದೆ ಬಂದೆ. ಒದ್ದೆ ಬಟ್ಟೆಯಲ್ಲೇ ಮಂಚದ ಪಕ್ಕ ಕೂತೆ. ಅವಳು ಕೈ ಚಾಚಿ ನನ್ನ ಗಂಟಲ ಮೇಲೆ ಇಟ್ಟಳು. ಬೆರಳುಗಳಲ್ಲಿ ಎಲುಬು ಮಾತ್ರ ಉಳಿದಿತ್ತು. ಸಿಕ್ಕಿತೇ ಎಂದು ಕೇಳಿದಳು. ಸಿಕ್ಕಿತು ಎಂದೆ. ಏನಾಯಿತು ಎಂದು ಕೇಳಿದಳು. ಏನೂ ಆಗಲಿಲ್ಲ ಎಂದೆ. ಬಳಚಿನ ರುಚಿ ಹೇಳಿದಷ್ಟೇ ಪ್ರಾಮಾಣಿಕವಾಗಿ ಹೇಳಬೇಕೆಂದು ನನಗೆ ಅನಿಸಿತ್ತು. ಅವಳು ತಲೆಯಾಡಿಸಿದಳು. ಕೈ ಮಾತ್ರ ತೆಗೆಯಲಿಲ್ಲ. ಹಾಗೆಯೇ ನಿದ್ದೆ ಹೋದಳು.

ಮುಂದಿನ ಭಾನುವಾರವೂ ಹೋದೆ. ಆಮೇಲೆ ದಿನಾ ಬೆಳಗ್ಗೆ ಹೋಗಿ ಎಂದಳು. ದಿನಾ ಹೋದೆ. ಅವಳಿಗೆ ಹಸಿವು ತೀರಿತೆಂದು ನಾನು ಹೇಳಲಾರೆ. ಮತ್ತೆ ಪ್ರಾರ್ಥನೆ ಹೇಳತೊಡಗಿದಳೆಂದೂ ಅಲ್ಲ. ಗೋಡೆಯ ಕಡೆಯಿಂದ ಈ ಕಡೆಗೆ ತಿರುಗಿ ಮಲಗಿದಳು, ಅಷ್ಟೇ. ಬಾಗಿಲ ಕಡೆ ಮುಖ ಮಾಡಿ ನಾನು ಬರುವುದನ್ನು ಕಾಯುತ್ತಿದ್ದಳು.

ಬೋಟುಗಳು ಮತ್ತೆ ನೀರಿಗಿಳಿದವು. ಐಸ್ ಫ್ಯಾಕ್ಟರಿಯಿಂದ ಕರೆ ಬಂತು. ಬರಲಾಗದು ಎಂದು ಹೇಳಿ ಕಳಿಸಿದೆ. ಅಷ್ಟರಲ್ಲಿ ಅವಳ ಹೊಟ್ಟೆಯೂ ತಿಳಿಯನ್ನು ಹಿಡಿದುಕೊಳ್ಳುವುದನ್ನು ನಿಲ್ಲಿಸಿತ್ತು. ಸಿರಿಂಜಿನಲ್ಲಿ ಬಿಟ್ಟದ್ದು ನಳಿಗೆಯ ಸುತ್ತಲಿಂದ ಹೊರಗೆ ಬರುತ್ತಿತ್ತು. ಮನೆಗೆ ಬಂದು ನೋಡಿದ ನರ್ಸು ಇನ್ನು ಬಲವಂತ ಮಾಡಬೇಡಿ ಎಂದಳು. ಗಂಜಿ ಬೇಯಿಸುವ ಕೆಲಸವೂ ನಿಂತಿತು. ಸೋಸುವ ಬಟ್ಟೆಗಳು ದಂಡಿಗೆಯ ಮೇಲೆ ಒಣಗಿ ಗಟ್ಟಿಯಾದವು. ನನಗೆ ಮಾಡಲು ಉಳಿದ ಕೆಲಸ ಬೆಳಗ್ಗೆ ಹೋಗಿ ಬರುವುದೊಂದೇ.

ಮಳೆ ಬಿಡುವು ಕೊಟ್ಟ ಒಂದು ದಿನ. ಪೂಜೆ ಮುಗಿಸಿ ಬಂದು ಕೂತೆ. ಮಾದೇವಿ ಅಲ್ಲೇ ಇದ್ದಳು. ಕಾರ್ಮಿನಳ ಕೈ ತಾನಾಗಿ ಮೇಲೆ ಬರಲಿಲ್ಲ. ನಾನೇ ಎತ್ತಿ ನನ್ನ ಗಂಟಲ ಮೇಲೆ ಇಟ್ಟುಕೊಂಡು ಹಿಡಿದೆ. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ತುಟಿ ಒಣಗಿ ಅಂಟಿಕೊಂಡಿತ್ತು, ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಸಾಕಾತು" ಎಂದಳು.

ಅದೇ ಕೊನೆಯ ಮಾತು. ಮಧ್ಯಾಹ್ನದೊಳಗೆ ಹೋದಳು.

ಮಣ್ಣು ಮಾಡುವ ದಿನ ಹಾಸ್ಟೆಲಿನ ಹುಡುಗಿಯರೆಲ್ಲ ಬಂದಿದ್ದರು. ಫಾದರ್ ಪ್ರವಚನದಲ್ಲಿ ಅವಳ ಆ ಮಾತನ್ನೇ ತೆಗೆದುಕೊಂಡರು. ನಾನೇ ಅವರಿಗೆ ಹೇಳಿದ್ದೆ. ಎಷ್ಟೋ ಜನರಿಗೆ ಉಣಿಸಿದ ಈ ತಾಯಿ ತಾನು ಮಾತ್ರ ಒಂದು ಹನಿ ನೀರನ್ನೂ ನುಂಗಲಾರದೆ ಹೋದಳು, ಆದರೂ ಕೊನೆಗೆ ದೇವರು ಅವಳನ್ನು ತೃಪ್ತಿಪಡಿಸಿದ, ತುಂಬಿ ತುಳುಕಿದವಳ ಹಾಗೆ ಸಾಕು ಎಂದಳು, ಅವನನ್ನು ನೆಚ್ಚಿದವರ ಹಸಿವು ತೀರದೆ ಇರುವುದಿಲ್ಲ ಎಂದರು. ಜನ ಕಣ್ಣೊರಸಿಕೊಂಡರು. ಫ್ಲೋರಿನ್ ಬಿಕ್ಕಿ ಬಿಕ್ಕಿ ಅತ್ತಳು. ಆ ಮಾತಿನಿಂದ ಅವಳಿಗಾದರೂ ಒಂದಿಷ್ಟು ಸಮಾಧಾನ ಸಿಕ್ಕಿರಬೇಕು.

ಮನೆಗೆ ಬಂದ ಮೇಲೆ ಮಾದೇವಿ ಅಂಗಳದಲ್ಲಿ ಕೂತು ಬೇರೆಯೇ ಹೇಳಿದಳು. ಅವಳು ಇಗರ್ಜಿಯ ಒಳಗೆ ಬಂದಿರಲಿಲ್ಲ, ಹೊರಗಿನ ಜಗಲಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಷ್ಟೆಲ್ಲ ಅನುಭವಿಸಿದ್ಮೇಲೆ ಯಾರಿಗಾದ್ರೂ ಸಾಕಾಗೂದಿಲ್ವಾ ಅಣ್ಣಾ? ಬದುಕೂದೇ ಸಾಕಾತು ಅಂದ್ಲು ಅವ್ಳು, ಪಾಪ."

ಫಾದರ್, ಮಾದೇವಿ ಇಬ್ಬರೂ ಹಿಡಿದದ್ದು ಅದೇ ಒಂದು ಮಾತು. ಹೊಟ್ಟೆ ತುಂಬಿದವರೂ ಸಾಕಾಯಿತು ಎನ್ನುತ್ತಾರೆ, ಸೋತುಹೋದವರೂ ಸಾಕಾಯಿತು ಎನ್ನುತ್ತಾರೆ. ಅವಳ ಧ್ವನಿಯನ್ನು ನಾನು ಎಷ್ಟು ಸಲ ನೆನಪಿಗೆ ತಂದುಕೊಂಡಿದ್ದೇನೋ ಲೆಕ್ಕವಿಲ್ಲ. ತಂದುಕೊಂಡಷ್ಟೂ ಅದು ಸವೆಯುತ್ತಿದೆ. ಒಂದು ದಿನ ಒಂದು ಥರ ಕೇಳುತ್ತದೆ, ಇನ್ನೊಂದು ದಿನ ಇನ್ನೊಂದು ಥರ. ಹೆಚ್ಚಿನ ದಿನಗಳಲ್ಲಿ ಮಾದೇವಿ ಕೇಳಿಸಿಕೊಂಡಂತೆಯೇ ನನಗೂ ಕೇಳುತ್ತದೆ. ದೇವರನ್ನೂ ಕೇಳಿ ನೋಡಿದ್ದೇನೆ. ಅವಳಿಗೆ ನೀನು ಏನನ್ನಾದರೂ ಕೊಟ್ಟೆಯೋ ಇಲ್ಲವೋ, ಅದೊಂದನ್ನು ಹೇಳು ಎಂದು. ಅದೂ ಸಣ್ಣ ಬೇಡಿಕೆಯೇ.

ಎರಡು ವರ್ಷದ ಮೇಲೆ ಆ ಫಾದರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮುಂಚೆ ಮನೆಗೆ ಬಂದರು. ಮುಖದಲ್ಲಿ ಈಗ ಗಡ್ಡ ಇತ್ತು. ಕಾರ್ಮಿನ್ ಮಲಗುತ್ತಿದ್ದ ಮಂಚವನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು. ಚಹಾ ಆರಿತು. ಆಮೇಲೆ ತಲೆಯೆತ್ತದೆ ಹೇಳಿದರು:

"ಅವತ್ತು ಪ್ರವಚನದಲ್ಲಿ ನಾನು ಹೇಳಿದ್ದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ, ಇನಾಸ್‌ಬಾಬ್. ನಿಜವಾಗಲಿ ಅಂತ ಹೇಳಿದೆ."

ಅವರನ್ನು ಸೇತುವೆಯವರೆಗೂ ಕಳಿಸಿ ಬಂದೆ.

ಭಾನುವಾರ ನಾನು ಈಗಲೂ ಹೋಗುತ್ತೇನೆ. ವಾಚನ ಓದುವುದಿಲ್ಲ, ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಸಾಲಿನಲ್ಲಿ ನನ್ನ ಸರದಿ ಬಂದಾಗ ಹೊಸ ಫಾದರ್ ಓಸ್ತಿಯನ್ನು ಎತ್ತಿ ಹಿಡಿದು ಇದು ಕ್ರಿಸ್ತನ ಶರೀರ ಎನ್ನುತ್ತಾರೆ. ತೆಗೆದುಕೊಳ್ಳುವವನು ಆಮೆನ್ ಎನ್ನಬೇಕು, ಹೌದು, ನಿಜ ಎಂಬ ಅರ್ಥದಲ್ಲಿ. ಅಷ್ಟು ಹೇಳುವ ಶಕ್ತಿ ನನ್ನಲ್ಲಿ ಇಲ್ಲ. ಆದರೂ ಆಮೆನ್ ಎನ್ನುತ್ತೇನೆ. ನಿಜವಾಗಲಿ ಎಂದು.